ಅಜ್ಜಿಗಾಗಿ ಪ್ರಾರ್ಥನೆ ಮಾಡಿದ್ವಲ್ಲಾ, ಮತ್ತೆ ಯಾಕೆ?

ಅಮ್ಮನ ಶವಪೆಟ್ಟಿಗೆಯನ್ನು ಮನೆಯಿಂದ ಹೊರಗೆ ತರುವ ಹೊತ್ತಿಗೆ ಮಳೆ ನಿಂತಿತ್ತು. ಉಡುಪಿಯ ಜುಲೈ ಮಳೆ, ಅಷ್ಟು ಸುಲಭವಾಗಿ ನಿಲ್ಲುವಂಥದ್ದಲ್ಲ. "ನೋಡಿ, ಟೀಚರಮ್ಮ ಹೊರಡುವಾಗ ದೇವರು ಮಳೆ ನಿಲ್ಲಿಸಿದ್ರು" ಎಂದು ಹಿಂದಿನಿಂದ ಯಾರೋ ಹೇಳಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಹದಿನಾಲ್ಕು ವರ್ಷದ ಮಗ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಮಳೆ ನಿಲ್ಸೋಕಾಗುತ್ತೆ, ಅಜ್ಜೀನ ಉಳಿಸೋಕಾಗ್ಲಿಲ್ವಾ?"

"ಶ್! ಹಾಗೆಲ್ಲ ಕೇಳಬಾರದು" ಎಂದೆ. ಸುತ್ತಲೂ ನೆಂಟರಿದ್ದರು, ಸಭಾಪಾಲಕರಿದ್ದರು. ಯಾರಾದರೂ ಕೇಳಿಸಿಕೊಂಡರೆ ಎಂಬ ಮುಜುಗರ ನನಗೆ. ಅವನು ಮತ್ತೆ ಕೇಳಲಿಲ್ಲ. ಅವತ್ತು ಮಾತ್ರವಲ್ಲ, ಮುಂದಿನ ಏಳು ತಿಂಗಳು ದೇವರ ವಿಷಯ ಅವನ ಬಾಯಿಂದ ಬರಲೇ ಇಲ್ಲ.

ಮಕ್ಕಳಿಗೆ ನಂಬಿಕೆಯನ್ನು ದಾಟಿಸುವುದು ಹೇಗೆ ಎಂದು ಉಪದೇಶ ಮಾಡುವಷ್ಟು ಜಾಣೆ ನಾನಲ್ಲ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಭಾನುವಾರ ಚರ್ಚು, ಸೋಮವಾರ ಬೆಳಗ್ಗೆ ಮೀಟಿಂಗಿಗೆ ಓಟ. ನಿಮ್ಮಲ್ಲಿ ಅನೇಕರ ಹಾಗೆಯೇ. ಆದರೆ ನಾನೊಂದು ತಪ್ಪು ಮಾಡಿದೆ. ಅದರ ಬೆಲೆ ಏನೆಂದು ತಡವಾಗಿ ಗೊತ್ತಾಯಿತು. ಅಷ್ಟನ್ನು ಹೇಳಬೇಕು ಅನ್ನಿಸಿದೆ.

ರಾತ್ರಿ ಒಂಬತ್ತರ ಪ್ರಾರ್ಥನೆ

ನನ್ನ ಅಮ್ಮ ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರು. ಬಟ್ಟೆ ಹೊದಿಸಿದ ಹಲಗೆಯ ಮೇಲೆ ಚಿತ್ರಗಳನ್ನು ಅಂಟಿಸುತ್ತಾ ನೋಹನ ನಾವೆಯ ಕಥೆ ಹೇಳುತ್ತಿದ್ದರು. ಊರಿನ ಅರ್ಧ ಜನಕ್ಕೆ ಅವರು 'ಟೀಚರಮ್ಮ'. ನನ್ನ ಮಗನಿಗಂತೂ ಬೇಸಿಗೆ ರಜೆ ಎಂದರೆ ಅಜ್ಜಿ ಮನೆ, ಅಜ್ಜಿ ಎಂದರೆ ನೀರುದೋಸೆ ಮತ್ತು ಕಥೆ.

ಪಾರ್ಶ್ವವಾಯು ಹೊಡೆದಾಗ ಅವರಿಗೆ ಎಪ್ಪತ್ತಮೂರು. ಹನ್ನೊಂದು ದಿನ ಐಸಿಯುನಲ್ಲಿದ್ದರು. ನಾನು ಊರಿಗೆ ಓಡಿದೆ, ಗಂಡ ಮತ್ತು ಮಗ ಬೆಂಗಳೂರಿನಲ್ಲೇ ಉಳಿದರು. ದಿನಾ ರಾತ್ರಿ ಒಂಬತ್ತಕ್ಕೆ ಕುಟುಂಬದವರೆಲ್ಲ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದೆವು. ಮಂಗಳೂರಿನಿಂದ ದೊಡ್ಡಮ್ಮ, ಮಸ್ಕತ್‌ನಿಂದ ತಮ್ಮ, ಹುಬ್ಬಳ್ಳಿಯಿಂದ ಅತ್ತಿಗೆ. ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುವುದು.

ಮೊದಲ ದಿನ ಮಗ "ನಂಗೆ ಕನ್ನಡದಲ್ಲಿ ಪ್ರಾರ್ಥನೆ ಮಾಡೋಕೆ ಬರಲ್ಲ" ಎಂದು ಹಿಂಜರಿದ. "ಹೇಗೆ ಬರುತ್ತೋ ಹಾಗೆ ಕೇಳು ಮಗಾ. ನಂಬಿಕೆಯಿಂದ ಕೇಳಿದ್ರೆ ದೇವರು ಕೊಟ್ಟೇ ಕೊಡ್ತಾರೆ" ಎಂದೆ. ಎಷ್ಟು ಧೈರ್ಯವಾಗಿ ಹೇಳಿದ್ದೆ! ಅವನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಕೇಳಿದ. ಮೊಬೈಲಿನ ಆ ಚಿಕ್ಕ ಚೌಕದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿದ್ದ ಅವನ ಮುಖ ನನಗೆ ಈಗಲೂ ನೆನಪಿದೆ. ಹನ್ನೊಂದು ರಾತ್ರಿಯೂ ತಪ್ಪಿಸಲಿಲ್ಲ.

ಹನ್ನೆರಡನೆಯ ಬೆಳಗ್ಗೆ ಅಮ್ಮ ಹೋದರು.

"ಸುಳ್ಳು ಹೇಳ್ಬೇಕಾ ಅಮ್ಮಾ?"

ಬೆಂಗಳೂರಿಗೆ ಮರಳಿದ ಮೇಲೆ ರಾತ್ರಿಯ ಕುಟುಂಬ ಪ್ರಾರ್ಥನೆಗೆ ಅವನಿಗೆ ಪ್ರಾಜೆಕ್ಟ್ ಇರುತ್ತಿತ್ತು. ಆಮೇಲೆ ಪರೀಕ್ಷೆ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ, ಸುಮ್ಮನೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಭಾನುವಾರ ಎಬ್ಬಿಸಿದರೆ ಹೊಟ್ಟೆನೋವು. ಎಳೆದುಕೊಂಡು ಹೋದರೆ ಕೊನೆಯ ಬೆಂಚು.

ಎಲ್ಲ ತಾಯಂದಿರೂ ಮಾಡುವುದನ್ನೇ ನಾನೂ ಮಾಡಿದೆ. ಮೊಬೈಲ್ ಕಿತ್ತುಕೊಂಡೆ. ವೈಫೈ ಪಾಸ್‌ವರ್ಡ್ ಬದಲಾಯಿಸಿದೆ. ನಾಲ್ಕು ಬೈಬಲ್ ವಚನಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಜನವರಿಯಲ್ಲಿ ಕನ್ಫರ್ಮೇಶನ್ ಕ್ಲಾಸಿಗೆ ಹೆಸರು ಕೊಡುವ ಸಮಯ ಬಂತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ಸಿ.ಎಸ್.ಐ. ಸಭೆಗಳಲ್ಲಿ ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದ ಮಕ್ಕಳು, ಬೆಳೆದ ಮೇಲೆ ತಮ್ಮ ಬಾಯಿಂದಲೇ 'ನಾನು ನಂಬುತ್ತೇನೆ' ಎಂದು ಎಲ್ಲರ ಮುಂದೆ ಹೇಳುವ ಸಂದರ್ಭ ಅದು. ಬಿಷಪ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮನೆಯಲ್ಲಿ ಊಟ, ಫೋಟೋ, ನೆಂಟರು.

"ನನ್ನ ಹೆಸರು ಕೊಡ್ಬೇಡ" ಎಂದ.

"ಯಾಕೆ? ನಿನ್ನ ವಯಸ್ಸಿನವರೆಲ್ಲ ಸೇರ್ತಿದ್ದಾರೆ."

"ಅಲ್ಲಿ ನಿಂತು 'ನಾನು ನಂಬ್ತೀನಿ' ಅಂತ ಹೇಳ್ಬೇಕಲ್ವಾ? ಸುಳ್ಳು ಹೇಳ್ಬೇಕಾ ಅಮ್ಮಾ?"

ನನಗೆ ಸಿಟ್ಟು ಬಂತು. "ಅಜ್ಜಿ ಇದ್ದಿದ್ರೆ ಎಷ್ಟು ನೊಂದ್ಕೊಳ್ತಿದ್ರು ಗೊತ್ತುಂಟಾ?" ಎಂದುಬಿಟ್ಟೆ.

"ಅಜ್ಜಿ ಇಲ್ವಲ್ಲ" ಎಂದು ರೂಮಿನ ಬಾಗಿಲು ಹಾಕಿಕೊಂಡ.

ನಮಗೆ ಊರೇ ಕಲಿಸಿತ್ತು

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಈ ನಂಬಿಕೆ ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಮಲಗಿದ್ದೆ. ಯಾರೂ ನನ್ನನ್ನು ಕೂರಿಸಿ ವಿವರಿಸಿದ ನೆನಪಿಲ್ಲ. ಸಂಜೆ ಕರೆಂಟು ಹೋದರೂ ಚಾಪೆ ಹಾಸಿ ಪ್ರಾರ್ಥನೆ ನಡೆಯುತ್ತಿತ್ತು. ಅಪ್ಪ ಒಂದು ಅಧ್ಯಾಯ ಓದುತ್ತಿದ್ದರು, ನಾವು ಆಕಳಿಸುತ್ತಾ ಕೂರುತ್ತಿದ್ದೆವು. ಚರ್ಚಿನ ಗಂಟೆ ಮನೆಗೆ ಕೇಳುತ್ತಿತ್ತು. ಡಿಸೆಂಬರ್ ಬಂದರೆ ಮನೆಯಿಡೀ ತೆಂಗಿನೆಣ್ಣೆಯ ವಾಸನೆ. ಚಕ್ಕುಲಿ, ರೋಸ್ ಕುಕ್ಕೀಸ್, ಕರ್ಜಿಕಾಯಿ ಇಟ್ಟ ತಟ್ಟೆಗೆ ಕರವಸ್ತ್ರ ಮುಚ್ಚಿಕೊಂಡು ಭಟ್ರ ಮನೆಗೆ, ಬ್ಯಾರಿಗಳ ಮನೆಗೆ ಕೊಟ್ಟು ಬರುವುದು ನಮ್ಮ ಕೆಲಸ. ಬೇಸಿಗೆಯಲ್ಲಿ ವಿ.ಬಿ.ಎಸ್., ಅಂದರೆ ರಜೆಯ ಬೈಬಲ್ ಶಾಲೆ. ಹಾಡು, ಕುಣಿತ, ಕೊನೆಯ ದಿನ ಐಸ್‌ಕ್ರೀಂ.

ನಾನು ನಂಬಿಕೆಯನ್ನು ಕಲಿತದ್ದಲ್ಲ, ಅದರೊಳಗೇ ಬೆಳೆದದ್ದು. ಊರು, ನೆಂಟರು, ಗಂಟೆ, ತಿಂಡಿ ಎಲ್ಲ ಸೇರಿ ನನ್ನನ್ನು ಹೊತ್ತುಕೊಂಡಿದ್ದವು. ಪ್ರಶ್ನೆ ಕೇಳುವ ಅಗತ್ಯವೇ ಬರಲಿಲ್ಲ, ಬಂದರೂ ಕೇಳುವ ಧೈರ್ಯ ಇರಲಿಲ್ಲ.

ನನ್ನ ಮಗ ಬೆಳೆಯುತ್ತಿರುವುದು ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ. ಚರ್ಚು ಹನ್ನೊಂದು ಕಿಲೋಮೀಟರ್ ದೂರ, ಗಂಟೆ ಕೇಳುವುದಿಲ್ಲ. ಅವನ ಸುತ್ತ ನಂಬಿಕೆಯ ಊರು ಎಂಬುದಿಲ್ಲ. ಇರುವುದು ನಾವಿಬ್ಬರೇ, ಅವನ ಅಪ್ಪ ಮತ್ತು ನಾನು. ನಮ್ಮ ಕಾಲದಲ್ಲಿ ಊರು ಮಾಡಿದ ಕೆಲಸವನ್ನು ಈಗ ಮಾತು ಮಾಡಬೇಕು. ಆ ಮಾತಿಗೇ ನಾನು "ಶ್!" ಎಂದಿದ್ದೆ.

ಎಂ.ಜಿ. ರಸ್ತೆಯ ಕಿಟೆಲ್

ಅದೇ ವಾರ ಒಂದು ಸಂಜೆ ಎಂ.ಜಿ. ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ಪ್ರತಿಮೆ ಇದೆ. ನೂರು ಸಲ ನೋಡಿದ್ದೇನೆ, ಯೋಚಿಸಿದ್ದು ಅವತ್ತೇ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದದ್ದು ಕ್ರಿಸ್ತನ ವಿಷಯ ಹೇಳುವುದಕ್ಕೇ, ಅದರಲ್ಲಿ ಗುಟ್ಟೇನಿಲ್ಲ. ಆದರೆ ಹೇಳಬೇಕಾದರೆ ಮೊದಲು ಕೇಳುವವರ ಭಾಷೆ ಬರಬೇಕಲ್ಲ? ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. ನಡುವೆ ನಲವತ್ತು ವರ್ಷ. ಪರದೇಶದ ಒಬ್ಬ ಮನುಷ್ಯ ನಮ್ಮ ಹಿರಿಯರ ಒಂದೊಂದು ಮಾತಿಗೂ ಕಿವಿಗೊಟ್ಟು, ಅರ್ಥ ಕೇಳಿ, ಬರೆದುಕೊಂಡರು.

ಸಿಗ್ನಲ್ ಹಸಿರಾಗುವಷ್ಟರಲ್ಲಿ ನನಗೆ ನಾಚಿಕೆಯಾಗಿತ್ತು. ನನ್ನ ಮನೆಯೊಳಗೇ ಇರುವ ಹುಡುಗನ ಭಾಷೆಗೆ ನಾನು ನಾಲ್ಕು ನಿಮಿಷ ಕಿವಿ ಕೊಟ್ಟಿರಲಿಲ್ಲ. ಅವನು ಕೇಳಿದ ಒಂದೇ ಒಂದು ಪ್ರಶ್ನೆಯನ್ನು ಬಾಯಿ ಮುಚ್ಚಿಸಿ ಕಳಿಸಿದ್ದೆ. ಆಮೇಲೆ ನಾನು ಮಾತಾಡಿದ್ದೆಲ್ಲ ನನ್ನ ಭಾಷೆಯೇ: ವಚನ, ಬೈಗುಳ, ಕಣ್ಣೀರು.

ಪೆನ್ಸಿಲಿನ ಗೆರೆ

ಫೆಬ್ರವರಿಯಲ್ಲಿ ಅಮ್ಮನ ಮನೆ ಖಾಲಿ ಮಾಡಲು ಊರಿಗೆ ಹೋದೆವು. ಭಾರ ಎತ್ತಲು ಬೇಕೆಂದು ಮಗನನ್ನೂ ಕರೆದುಕೊಂಡು ಹೋಗಿದ್ದೆ. ನಾನು ಅಡುಗೆಮನೆಯ ಡಬ್ಬಿಗಳನ್ನು ಕಟ್ಟುತ್ತಿದ್ದಾಗ ಒಳಗಿನಿಂದ ಅವನ ದನಿ ಬಂತು: "ಅಮ್ಮಾ, ಇದೇನು ಬರ್ದಿದ್ದಾರೆ ಅಜ್ಜಿ?"

ಅಮ್ಮನ ಹಾಸಿಗೆಯ ಮೇಲೆ ಕೂತಿದ್ದ. ಕೈಯಲ್ಲಿ ಕಪ್ಪು ರಟ್ಟಿನ ಹಳೆಯ ಸತ್ಯವೇದ. ಪುಟ ಪುಟದಲ್ಲೂ ಅಂಚಿಗೆ ಪೆನ್ಸಿಲಿನಲ್ಲಿ ದಿನಾಂಕಗಳು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ, ತಮ್ಮ ಮಸ್ಕತ್‌ಗೆ ಹೊರಟ ದಿನ, ಮೊಮ್ಮಗ ಹುಟ್ಟಿದ ದಿನ. ಅಮ್ಮನ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳುತ್ತಾ ಹೋದೆ.

ಕೀರ್ತನೆಗಳ ಪುಸ್ತಕದಲ್ಲಿ 13ನೆಯದರ ಪಕ್ಕ 1979ರ ಒಂದು ದಿನಾಂಕವಿತ್ತು. ಕೆಳಗೆ ಗೆರೆ ಎಳೆದಿದ್ದರು. ಪೆನ್ಸಿಲ್ ಎಷ್ಟು ಒತ್ತಿತ್ತೆಂದರೆ ಹಿಂದಿನ ಪುಟದಲ್ಲೂ ಗುರುತು ಮೂಡಿತ್ತು.

ಅದು ಯಾವ ದಿನ ಎಂದು ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲು ಅಮ್ಮನಿಗೊಬ್ಬ ಮಗ ಇದ್ದ. ಎರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದ. ಮನೆಯಲ್ಲಿ ಅವನ ವಿಷಯ ಯಾರೂ ಎತ್ತುತ್ತಿರಲಿಲ್ಲ.

"ಇಲ್ಲಿ ಏನಂತ ಇದೆ?" ಎಂದು ಮಗ ಕೇಳಿದ.

ದೇವರೇ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತೇ ಇರುತ್ತೀ ಎಂದು ಕೇಳುವ ಕೀರ್ತನೆ ಅದು. ಕೊನೆಯಲ್ಲಿ ಭರವಸೆಯ ಮಾತು ಬರುತ್ತದೆ, ನಿಜ. ಆದರೆ ಶುರುವಾಗುವುದು ದೂರಿನಿಂದಲೇ. ಓದಿ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದು ಬೈಬಲಲ್ಲೇ ಇದ್ಯಾ? ಅಜ್ಜಿ ಹೀಗೆ ಕೇಳಿದ್ರಾ?"

"ಕೇಳಿದ್ದಾರೆ."

"ಮತ್ತೆ ನೀನು ಕೇಳಬಾರದು ಅಂದಿ."

ನನಗೆ ಅಮ್ಮನ ಹಾಸಿಗೆಯ ಮೇಲೆ ಕೂರದೆ ಬೇರೆ ದಾರಿ ಇರಲಿಲ್ಲ. "ತಪ್ಪು ಹೇಳಿದ್ದೆ ಮಗಾ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೆ ನಿನ್ನ ಬಾಯಿ ಮುಚ್ಚಿಸಿದೆ" ಎಂದೆ. ಅಮ್ಮ ಹೋದಮೇಲೆ ಎರಡು ತಿಂಗಳು ನನ್ನ ಪ್ರಾರ್ಥನೆ ಬರೀ ತುಟಿಯದ್ದು, ಮನಸ್ಸಿನಲ್ಲಿ ದೇವರ ಮೇಲೆ ಸಿಟ್ಟೇ ತುಂಬಿತ್ತು ಎಂಬುದನ್ನೂ ಹೇಳಿದೆ. ಅವನು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

ಒಂದು ಬಿಸ್ಕೆಟ್ ಪ್ಯಾಕೆಟ್

ಆಮೇಲೆ ಅವನು ಹೇಳಿದ್ದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಅಜ್ಜಿ ಐಸಿಯುನಲ್ಲಿದ್ದಷ್ಟು ದಿನವೂ ಅವನು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿರಲಿಲ್ಲ. ಡಬ್ಬಿಯನ್ನು ಗೆಳೆಯರಿಗೆ ಕೊಟ್ಟುಬಿಡುತ್ತಿದ್ದ. ಉಪವಾಸ ಪ್ರಾರ್ಥನೆ. ಅಜ್ಜಿಯ ಕಥೆಗಳಲ್ಲಿ ಕೇಳಿದ್ದ. ಅಪ್ಪನಿಗೂ ಹೇಳಿರಲಿಲ್ಲ.

"ಒಂಬತ್ತನೇ ದಿನ ಪಿಟಿ ಆದ್ಮೇಲೆ ತುಂಬಾ ಹಸಿವಾಯ್ತು. ಕ್ಯಾಂಟೀನಲ್ಲಿ ಒಂದು ಬಿಸ್ಕೆಟ್ ಪ್ಯಾಕೆಟ್ ತಗೊಂಡು ತಿಂದೆ. ಅದಕ್ಕೇನಾ ಅಮ್ಮಾ?"

ಏಳು ತಿಂಗಳು! ನನ್ನ ಮಗನಿಗೆ ನಂಬಿಕೆ ಹೋಗಿದೆ, ಸಹವಾಸ ಕೆಟ್ಟಿದೆ, ಮೊಬೈಲ್ ಹುಚ್ಚು ಹಿಡಿದಿದೆ ಎಂದೆಲ್ಲ ನಾನು ಅಂದುಕೊಂಡಿದ್ದೆ. ಅವನು ಮಾತ್ರ ಏಳು ತಿಂಗಳು, ತಾನು ತಿಂದ ಬಿಸ್ಕೆಟ್‌ನಿಂದ ಅಜ್ಜಿ ಸತ್ತರು ಎಂಬ ಭಾರವನ್ನು ಒಬ್ಬನೇ ಹೊತ್ತುಕೊಂಡಿದ್ದ. ನಂಬಿಕೆಯಿಂದ ಕೇಳಿದರೆ ಕೊಟ್ಟೇ ಕೊಡುತ್ತಾರೆ ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ? ಕೊಡಲಿಲ್ಲ ಎಂದರೆ ತಪ್ಪು ಕೇಳಿದವನದ್ದೇ ಎಂದು ಅವನು ಲೆಕ್ಕ ಹಾಕಿದ್ದ. ಲೆಕ್ಕದಲ್ಲಿ ಹುಷಾರಿರುವ ಹುಡುಗ.

ನಾನು ಕಲಿತ ಪಾಠ ಇಷ್ಟೇ. ಮಗುವಿನ ಪ್ರಶ್ನೆಗೆ ನಾವು ಬಾಗಿಲು ಹಾಕಿದರೆ, ಮಗು ಉತ್ತರವಿಲ್ಲದೆ ಉಳಿಯುವುದಿಲ್ಲ. ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಆ ಉತ್ತರದೊಳಗಿನ ದೇವರು ತುಂಬಾ ಕ್ರೂರಿಯಾಗಿರಬಹುದು. ಒಂದು ಬಿಸ್ಕೆಟ್‌ಗೆ ಅಜ್ಜಿಯನ್ನು ಕಿತ್ತುಕೊಳ್ಳುವಷ್ಟು.

ತಡವಾಗಿ ಬಂದವನ ಕಥೆ

ಅವತ್ತು ಅವನನ್ನು ಅಪ್ಪಿಕೊಂಡು "ಅಲ್ಲ, ಖಂಡಿತ ಅಲ್ಲ" ಎಂದು ಎಷ್ಟು ಸಲ ಹೇಳಿದೆನೋ. ಸಂಜೆ ಇಬ್ಬರೂ ಸೇರಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿದೆವು. ಲಾಜರನಿಗೆ ಕಾಯಿಲೆ ಎಂದು ಸುದ್ದಿ ಬಂದರೂ ಯೇಸು ಕೂಡಲೇ ಹೊರಡುವುದಿಲ್ಲ. ಬೇಥಾನ್ಯಕ್ಕೆ ಬರುವಷ್ಟರಲ್ಲಿ ಅವನನ್ನು ಸಮಾಧಿ ಮಾಡಿ ನಾಲ್ಕು ದಿನ. ಅಕ್ಕ ಮಾರ್ಥ, ತಂಗಿ ಮರಿಯ ಇಬ್ಬರೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದು. ಯೇಸು ಅವರನ್ನು "ಶ್!" ಎನ್ನುವುದಿಲ್ಲ. ಅಳುತ್ತಾನೆ.

"ಆದ್ರೆ ಲಾಜರ ಎದ್ದು ಬಂದ. ಅಜ್ಜಿ ಬರ್ಲಿಲ್ಲ" ಎಂದ ಮಗ.

"ಹೌದು, ಬರ್ಲಿಲ್ಲ. ಕಡೇ ದಿನ ಎದ್ದು ಬರ್ತಾರೆ ಅಂತ ನಾನು ನಂಬ್ತೇನೆ. ಈಗ ಯಾಕೆ ಹೋದ್ರು ಅಂದ್ರೆ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೂ ನಂಬ್ತೀಯಾ?"

"ನಂಬ್ತೇನೆ. ಕೆಲವು ದಿನ ಕಷ್ಟ ಆಗ್ತದೆ."

ಗೆತ್ಸೇಮನೆ ತೋಟದ ಕಥೆಯನ್ನೂ ಹೇಳಿದೆ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸುವೇ ಪ್ರಾರ್ಥಿಸಿದ, ಅದು ದೂರವಾಗಲಿಲ್ಲ. ಪ್ರಾರ್ಥನೆ ಎಂದರೆ ಕಾರ್ಡ್ ಹಾಕಿದರೆ ನೋಟು ಬರುವ ಎಟಿಎಂ ಅಲ್ಲ. ನಾನು ಮಗನಿಗೆ ಆ ಎಟಿಎಂ ದೇವರನ್ನು ಪರಿಚಯಿಸಿದ್ದೆ. ಅವನು ಬಿಟ್ಟುಬಂದದ್ದು ಆ ದೇವರನ್ನು. ಬಿಟ್ಟದ್ದು ಒಳ್ಳೆಯದೇ ಆಯಿತೇನೋ.

ಬೆಂಗಳೂರಿಗೆ ಬಂದು ಸಭಾಪಾಲಕರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಈ ವರ್ಷ ಅವನನ್ನು ಕ್ಲಾಸಿಗೆ ಕಳಿಸ್ಬೇಡಿ. ನನ್ನ ಜೊತೆ ಒಂದು ಕಪ್ ಚಹಾಕ್ಕೆ ಕಳಿಸಿ" ಎಂದರು. ಈವರೆಗೆ ಮೂರು ಚಹಾ ಆಗಿದೆ. ಏನು ಮಾತಾಡುತ್ತಾರೋ ನಾನು ವಿಚಾರಿಸಿಲ್ಲ.

ಈಗ ನಮ್ಮ ಮನೆಯಲ್ಲಿ

ದೊಡ್ಡ ಬದಲಾವಣೆಗಳೇನಿಲ್ಲ. ಚಿಕ್ಕ ಚಿಕ್ಕವು, ಯಾರು ಬೇಕಾದರೂ ಮಾಡಬಹುದಾದವು.

*ಹತ್ತು ನಿಮಿಷ ಸಾಕು.* ಮೊದಲು ಅರ್ಧ ಗಂಟೆಯ ಕುಟುಂಬ ಪ್ರಾರ್ಥನೆ ಇತ್ತು, ಮಾತೆಲ್ಲ ನನ್ನದೇ. ಈಗ ಹತ್ತೇ ನಿಮಿಷ. ಒಬ್ಬೊಬ್ಬರು ಅವತ್ತಿನ ಒಂದು ಸಂತೋಷ, ಒಂದು ಕಷ್ಟ ಹೇಳಬೇಕು. ಪ್ರಾರ್ಥನೆ ಮಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂರಬಹುದು.

*ಎರಡು ಭಾಷೆಯ ಓದು.* ನಾನು ಅಮ್ಮನ ಕನ್ನಡ ಬೈಬಲಿನಲ್ಲಿ ಓದುತ್ತೇನೆ, ಅವನು ಮೊಬೈಲ್ ಆ್ಯಪ್‌ನಲ್ಲಿ ಇಂಗ್ಲಿಷಿನದ್ದು. ಮೊನ್ನೆ "ಕರ್ತ ಅಂದ್ರೆ ಸ್ಕೂಲಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅಂತಾರಲ್ಲ, ಅದೇನಾ?" ಎಂದು ಕೇಳಿದ. ನಕ್ಕೂ ನಕ್ಕೂ ಸಾಕಾಯಿತು. ಆದರೆ ಇಷ್ಟು ವರ್ಷ ಅರ್ಥವಾಗದ ಪದಗಳನ್ನು ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ ಎಂಬುದೂ ತಿಳಿಯಿತು.

*ಕಾರಿನ ಮಾತು.* ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ದೇವರ ಮಾತಾಡಿ ಎನ್ನುತ್ತದೆ ಧರ್ಮೋಪದೇಶಕಾಂಡದ 6ನೇ ಅಧ್ಯಾಯ. ಬೆಂಗಳೂರಿನಲ್ಲಿ ದಾರಿ ಎಂದರೆ ಟ್ರಾಫಿಕ್ಕು. ಮುಖ ನೋಡದೆ, ಇಬ್ಬರೂ ಮುಂದೆ ನೋಡುತ್ತಾ ಕೂತಾಗ ಹದಿಹರೆಯದ ಮಕ್ಕಳು ಹೆಚ್ಚು ಮಾತಾಡುತ್ತಾರೆ. ಇದು ನನ್ನ ಅನುಭವ.

*ಗೊತ್ತಿಲ್ಲ ಎನ್ನುವುದು.* ತುಂಬಾ ಕಷ್ಟದ್ದು ಇದೇ. ಗೊತ್ತಿಲ್ಲದಿದ್ದರೆ ಹಾಗೇ ಹೇಳುತ್ತೇನೆ, ಜೊತೆಗೆ "ನಾನು ಹೀಗೆ ನಂಬಿದ್ದೇನೆ" ಎಂದೂ ಹೇಳುತ್ತೇನೆ.

*ಕೈಯ ಕೆಲಸ.* ಈ ಕ್ರಿಸ್‌ಮಸ್‌ಗೆ ಅಜ್ಜಿಯ ಹಾಗೆ ತಿಂಡಿ ಮಾಡಿ, ನಮ್ಮ ಬ್ಲಾಕಿನ ಸೆಕ್ಯೂರಿಟಿಯವರಿಂದ ಹಿಡಿದು ಎಲ್ಲರಿಗೂ ತಟ್ಟೆ ಹಂಚಬೇಕೆಂಬ ಯೋಜನೆ ಅವನದ್ದೇ. ರೋಸ್ ಕುಕ್ಕೀಸಿನ ಅಚ್ಚನ್ನು ಊರಿಂದ ತಂದಿದ್ದೇವೆ.

ಬೈಬಲಿನಲ್ಲಿ ನಾನು ಗಮನಿಸದೇ ಇದ್ದ ಒಂದು ವಿಷಯವನ್ನು ಸಭಾಪಾಲಕರು ತೋರಿಸಿಕೊಟ್ಟರು. ಪಸ್ಕಹಬ್ಬದ ವಿಧಿ ಹೇಳುವಾಗಲೂ, ಯೊರ್ದನ್ ನದಿಯಿಂದ ಹನ್ನೆರಡು ಕಲ್ಲುಗಳನ್ನು ತಂದು ನಿಲ್ಲಿಸುವಾಗಲೂ, 'ಮುಂದೆ ನಿಮ್ಮ ಮಕ್ಕಳು ಇದೇನು ಎಂದು ಕೇಳಿದಾಗ' ಎಂಬ ಅರ್ಥದ ಮಾತು ಬರುತ್ತದೆ. ಮಕ್ಕಳು ಕೇಳಿಯೇ ಕೇಳುತ್ತಾರೆ ಎಂದು ಅಲ್ಲಿ ಮೊದಲೇ ಲೆಕ್ಕ ಹಿಡಿದಿದೆ. ಕಲ್ಲು ನಿಲ್ಲಿಸಿದ್ದೇ ಅವರು ಕೇಳಲಿ ಎಂದು.

ಈ ವಿಷಯವನ್ನು ಆಫೀಸಿನಲ್ಲಿ ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ಮಾಧ್ವರ ಮನೆಯವಳು. "ನಮ್ಮನೇಲೂ ಇದೇ ಕಥೆ ಕಣೇ. ಸಂಧ್ಯಾವಂದನೆ ಯಾಕೆ ಮಾಡ್ಬೇಕು ಅಂತ ಮಗ ಕೇಳಿದ, ಸುಮ್ನೆ ಮಾಡು ಅಂದೆ" ಎಂದಳು. ಧರ್ಮ ಯಾವುದಾದರೂ, ನಮ್ಮ ತಲೆಮಾರಿನ ಅಪ್ಪ-ಅಮ್ಮಂದಿರಿಗೆ "ಸುಮ್ನೆ ಮಾಡು" ಬಾಯಿಪಾಠ.

ಕೊನೆಯ ಬೆಂಚು

ಕಳೆದ ತಿಂಗಳು ನಮ್ಮ ಚರ್ಚಿನಲ್ಲಿ ಕನ್ಫರ್ಮೇಶನ್ ನಡೆಯಿತು. ಅವನ ಗೆಳೆಯರೆಲ್ಲ ಬಿಳಿ ಬಟ್ಟೆ ತೊಟ್ಟು ಮುಂದೆ ನಿಂತಿದ್ದರು. ನನ್ನ ಮಗ ನನ್ನ ಜೊತೆ ಕೊನೆಯ ಬೆಂಚಿನಲ್ಲಿದ್ದ. ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ನೆಂಟರಿಂದ ಎರಡು ಮೂರು ಪ್ರಶ್ನೆಗಳೂ ಬಂದವು. "ಅವನು ಇನ್ನೂ ಯೋಚಿಸ್ತಿದ್ದಾನೆ" ಎಂದೆ. ಮುಂದಿನ ವರ್ಷ ಅವನು ಮುಂದೆ ನಿಲ್ಲುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಂತರೆ, ಅವನು ಹೇಳುವ 'ನಾನು ನಂಬುತ್ತೇನೆ' ಅವನದ್ದೇ ಆಗಿರುತ್ತದೆ.

ಅಮ್ಮನ ಬೈಬಲ್ ಈಗ ಹಗಲೆಲ್ಲ ಅವನ ಓದುವ ಮೇಜಿನ ಮೇಲಿರುತ್ತದೆ. ಕನ್ನಡ ಕೈಬರಹ ಓದಲು ಕಲಿಯುತ್ತಿದ್ದಾನೆ, ಅಜ್ಜಿಯ ದಿನಾಂಕಗಳಿಗಾಗಿ. ಮೊನ್ನೆ ಧೂಳು ಒರೆಸುವಾಗ ಯೋಹಾನನ 11ನೇ ಅಧ್ಯಾಯ ತೆರೆದುಕೊಂಡಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೊಸದೊಂದು ದಿನಾಂಕ, ಅಮ್ಮನದ್ದಲ್ಲದ ಸೊಟ್ಟ ಅಕ್ಷರ. ಅಜ್ಜಿ ಹೋದ ದಿನ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ನಾನು ಅದನ್ನು ಅಳಿಸಲಿಲ್ಲ. ಪುಸ್ತಕವನ್ನು ತೆರೆದಿದ್ದ ಹಾಗೆಯೇ ಬಿಟ್ಟು ಬಂದೆ.

(ನಿಮ್ಮ ಮನೆಯ ಮಕ್ಕಳು ದೇವರ ಬಗ್ಗೆ ಕೇಳಿದ, ನಿಮಗೆ ಉತ್ತರ ತೋಚದ ಪ್ರಶ್ನೆ ಯಾವುದು? ಆಗ ನೀವು ಏನು ಹೇಳಿದಿರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ.)